ಧಣಿ ಕಾಣೆಯಾಗಿದ್ದಾನೆ

ಬೆಂಗಳೂರಿನ ಯಾವ ಬಡಾವಣೆಗಾದರೂ ಹೋಗಿ, ಕರೆಂಟ್ ಕಂಬದ ಮೇಲೆ ಒಂದು ಚೀಟಿ ಅಂಟಿರುತ್ತದೆ. ಸೆಕ್ಯೂರಿಟಿ ಗಾರ್ಡ್ ಬೇಕಾಗಿದ್ದಾರೆ. ಎಸ್ಸೆಸ್ಸೆಲ್ಸಿ ಪಾಸಾಗಿರಲಿ, ಫೇಲಾಗಿರಲಿ. ಊಟ, ವಸತಿ ಉಚಿತ. ಸಂಬಳ ಹದಿನೆಂಟರಿಂದ ಇಪ್ಪತ್ತೆರಡು ಸಾವಿರ. ಕೆಳಗೆ ಎರಡು ಮೊಬೈಲ್ ನಂಬರು. ಮೆಜೆಸ್ಟಿಕ್ಕಿನ ಕಂಬಿಗಳ ಮೇಲೆ, ಯಶವಂತಪುರ ಸ್ಟೇಷನ್ನಿನ ಗೋಡೆಯ ಮೇಲೆ, ಹೊಸೂರು ರಸ್ತೆಯ ಬಸ್ ತಂಗುದಾಣಗಳಲ್ಲಿ ಇದೇ ಚೀಟಿ. ಮಳೆಗೆ ನೆನೆದು ಹರಿದರೆ ಅದರ ಮೇಲೆಯೇ ಇನ್ನೊಂದು ಬೀಳುತ್ತದೆ.

ವರ್ಷದ ಹನ್ನೆರಡು ತಿಂಗಳೂ ಆಳು ಸಾಲದು ಎನ್ನುವ ಕೆಲಸ ಇದು. ಹಾಗಿದ್ದರೆ ಕೂಲಿ ಏರಬೇಕಿತ್ತಲ್ಲ? ಮಾರುಕಟ್ಟೆಯಲ್ಲಿ ಟೊಮೆಟೊ ಕಡಿಮೆಯಾದರೆ ಬೆಲೆ ನೂರು ದಾಟುತ್ತದೆ, ಟಿವಿಯವರು ಕ್ಯಾಮೆರಾ ಹಿಡಿದುಕೊಂಡು ಕೋಲಾರಕ್ಕೆ ಓಡುತ್ತಾರೆ. ಗಾರ್ಡ್ ಸಿಗದಿದ್ದರೆ ಬೆಲೆ ಏರುವುದಿಲ್ಲ, ಇದ್ದ ಗಾರ್ಡಿನ ಡ್ಯೂಟಿ ಉದ್ದವಾಗುತ್ತದೆ. ‘ರಿಲೀವರ್ ಬಂದಿಲ್ಲ, ನೈಟ್ ಕಂಟಿನ್ಯೂ ಮಾಡು’ ಎಂದು ಫೀಲ್ಡ್ ಆಫೀಸರ್ ಫೋನಿನಲ್ಲೇ ಹೇಳಿಬಿಡುತ್ತಾನೆ. ಬೆಳಗ್ಗೆ ಎಂಟಕ್ಕೆ ನಿಂತವನು ಮರುದಿನ ಬೆಳಗ್ಗೆ ಎಂಟರವರೆಗೂ ನಿಂತಿರುತ್ತಾನೆ. ಇದಕ್ಕೆ ಡಬಲ್ ಡ್ಯೂಟಿ ಎಂದು ಹೆಸರು. ಡಬಲ್ ಸಂಬಳ ಎಂಬ ಮಾತು ಮಾತ್ರ ಆ ಫೋನಿನಲ್ಲಿ ಬರುವುದಿಲ್ಲ.

ಚೀಟಿಯ ಸುಳ್ಳನ್ನು ಮೊದಲು ಬಿಡಿಸೋಣ. ಆ ಸಂಬಳ ದಿನಕ್ಕೆ ಹನ್ನೆರಡು ತಾಸಿಗೆ, ತಿಂಗಳಿಗೆ ಮೂವತ್ತು ದಿನಕ್ಕೆ. ವಾರದ ರಜೆ ಹಾಕಿದರೆ ಆ ದಿನದ್ದು ಕಟ್. ಪಿಎಫ್ ಎಂದು ಮಾಲೀಕ ಕಟ್ಟಬೇಕಾದ ಪಾಲನ್ನೂ ಇದೇ ಮೊತ್ತದಿಂದ ಮುರಿಯುವವರಿದ್ದಾರೆ. ಯೂನಿಫಾರಂ, ಬೂಟು, ಟೋಪಿಗೆ ಮೊದಲ ಎರಡು ಮೂರು ತಿಂಗಳು ಕಡಿತ. ಉಚಿತ ವಸತಿಯೆಂದರೆ ತಗಡಿನ ಶೀಟಿನ ಕೋಣೆ. ಹಗಲು ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಮಲಗುತ್ತಾನೆ. ಇಪ್ಪತ್ತು ಸಾವಿರವೇ ಪೂರ್ತಿ ಕೈಗೆ ಬಂತು ಅಂತಿಟ್ಟುಕೊಳ್ಳಿ, 360 ತಾಸಿಗೆ ಹಂಚಿದರೆ ತಾಸಿಗೆ 55 ರೂಪಾಯಿ ಚಿಲ್ಲರೆ.

ಈಗ ಸರ್ಕಾರ ತಾನೇ ಬರೆದಿಟ್ಟ ಲೆಕ್ಕ ನೋಡಿ. ಕೇಂದ್ರದ ವ್ಯಾಪ್ತಿಗೆ ಬರುವ ಕೆಲಸಗಳಲ್ಲಿ, ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ, ಬಂದೂಕಿಲ್ಲದ ಕಾವಲುಗಾರನಿಗೆ 2024ರ ಅಕ್ಟೋಬರ್ 1ರಿಂದ ಗೊತ್ತುಮಾಡಿದ ಕನಿಷ್ಠ ಕೂಲಿ ದಿನಕ್ಕೆ 954 ರೂಪಾಯಿ, ತಿಂಗಳಿಗೆ 24,804. ಬಂದೂಕಿದ್ದರೆ 1,035, ತಿಂಗಳಿಗೆ 26,910. ಇದು ಎಂಟು ತಾಸಿನ ದಿನಕ್ಕೆ, 26 ದಿನಕ್ಕೆ. ಅದಕ್ಕೆ ಮೇಲ್ಪಟ್ಟ ಪ್ರತಿ ತಾಸಿಗೂ ಇಮ್ಮಡಿ ಕೊಡಬೇಕೆಂಬುದು ಹಳೆಯ ಕನಿಷ್ಠ ವೇತನ ಕಾಯ್ದೆಯ ಕಾಲದಿಂದಲೂ ಇರುವ ನಿಯಮ; ಹೊಸ ವೇತನ ಸಂಹಿತೆಯಲ್ಲೂ ಉಳಿದಿದೆ. ತಿಂಗಳಿಗೆ 208 ತಾಸು ದುಡಿಯಬೇಕಾದವನು 360 ತಾಸು ನಿಂತರೆ 152 ತಾಸು ಹೆಚ್ಚುವರಿ. ತಾಸಿಗೆ 119 ರೂಪಾಯಿ, ಇಮ್ಮಡಿಯಾದರೆ 238. ಕೂಡಿಸಿ, ಗುಣಿಸಿ: ತಿಂಗಳಿಗೆ ಅರವತ್ತು ಸಾವಿರ ದಾಟುತ್ತದೆ. ನಗಬೇಡಿ. ರಾಜ್ಯದ ಪಟ್ಟಿಯ ದರ ಇದಕ್ಕಿಂತ ಕಡಿಮೆ, ಗೊತ್ತು. ಆ ದರ ಹಿಡಿದರೂ ಬರುವ ಮೊತ್ತವನ್ನು ಯಾವ ಗಾರ್ಡೂ ಕಣ್ಣಲ್ಲಿ ಕಂಡಿರುವುದಿಲ್ಲ.

2025ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ತಿದ್ದಿ ದಿನಕ್ಕೆ ಹನ್ನೆರಡು ತಾಸಿನವರೆಗೂ ದುಡಿಸಲು ದಾರಿ ಮಾಡಹೊರಟಾಗ ಐಟಿ ನೌಕರರ ಸಂಘ ಬೀದಿಗಿಳಿಯಿತು. ಇಳಿಯಲೇಬೇಕಿತ್ತು. ಅವರ ಜೊತೆ ನಾನೂ ಇದ್ದೇನೆ. ಆದರೆ ಗೆಳೆಯರೇ, ನೀವು ಕಂಪನಿಯ ಗೇಟು ದಾಟಿ ಘೋಷಣೆ ಕೂಗಲು ಹೊರಬಂದಾಗ ಆ ಗೇಟು ತೆಗೆದವನ ಪಾಳಿ ಎಷ್ಟು ತಾಸಿನದು ಎಂದು ಕೇಳಿದಿರಾ? ನಿಮಗೆ ಬರಲಿದೆಯೆಂದು ಹೆದರಿದ್ದು ಅವನಿಗೆ ವರ್ಷಗಳ ಹಿಂದೆಯೇ ಬಂದು ಕೂತಿತ್ತು. ಕೂತಿತ್ತು ಎನ್ನುವುದೂ ತಪ್ಪು. ಅವನಿಗೆ ಕುರ್ಚಿಯೇ ಇಲ್ಲ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಮಳಿಗೆಗಳ ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕೆಂದು ಕಾನೂನು ತಿದ್ದಿದವು. ಒಂದು ಸ್ಟೂಲಿಗೂ ಶಾಸನ ಸಭೆ ಸೇರಬೇಕಾದ ದೇಶ ನಮ್ಮದು.

ಸರಿ, ಈ ಹನ್ನೆರಡು ತಾಸಿಗೆ ಹೊಣೆ ಯಾರು? ಗಾರ್ಡ್ ಏಜೆನ್ಸಿಯ ಆಫೀಸಿಗೆ ಹೋಗಿ ಕೇಳಿದರೆ, ‘ಕ್ಲೈಂಟ್ ಅಷ್ಟೇ ಕೊಡುವುದು’ ಎನ್ನುತ್ತಾರೆ. ಕ್ಲೈಂಟನ್ನು ಕೇಳಿದರೆ, ಅಂದರೆ ಅಪಾರ್ಟ್‌ಮೆಂಟಿನ ಸಂಘ, ಆಸ್ಪತ್ರೆ, ಕಾಲೇಜು, ಬ್ಯಾಂಕು, ‘ನೀನು ನಮ್ಮ ನೌಕರನಲ್ಲ, ಏಜೆನ್ಸಿಯನ್ನು ಕೇಳು’ ಎನ್ನುತ್ತಾರೆ. ಪೊಲೀಸರನ್ನು ಕೇಳಿದರೆ ಅದು ಕಾರ್ಮಿಕ ಇಲಾಖೆಯದು. ಕಾರ್ಮಿಕ ಇಲಾಖೆಯನ್ನು ಕೇಳಿದರೆ ಏಜೆನ್ಸಿಗೆ ಲೈಸೆನ್ಸ್ ಕೊಟ್ಟದ್ದು ಗೃಹ ಇಲಾಖೆ. ನಾಲ್ಕು ಬಾಗಿಲು ತಟ್ಟಿ ಬಂದವನಿಗೆ ಐದನೆಯ ಬಾಗಿಲಲ್ಲಿ ರಾತ್ರಿ ಪಾಳಿ ಕಾದಿರುತ್ತದೆ. ಗಾರ್ಡಿನ ಕೂಲಿ ಕಡಿಮೆಯಿರುವುದಕ್ಕೆ ಬಡತನ ಕಾರಣ, ಅವಿದ್ಯೆ ಕಾರಣ, ವಲಸೆ ಕಾರಣ ಎಂದು ಸೆಮಿನಾರುಗಳಲ್ಲಿ ಹೇಳುವವರಿಗೆ ನಾನು ಹೇಳುವುದು ಒಂದೇ. ಕಾರಣ ಇಷ್ಟೇ: ಅವನ ಧಣಿಯನ್ನು ಬೇಕೆಂದೇ ಕಾಣೆ ಮಾಡಲಾಗಿದೆ. ಗುತ್ತಿಗೆಯ ಕಾಗದ ಇರುವುದೇ ಅದಕ್ಕೆ.

ಹೊಸ ಸಂಹಿತೆಗಳು ಇದನ್ನು ಸರಿಮಾಡುತ್ತವೆ ಎಂದು ನಂಬಿದವರು ಒಮ್ಮೆ ಓದಿಕೊಳ್ಳಲಿ. 2025ರ ನವೆಂಬರ್ 21ರಂದು ನಾಲ್ಕೂ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಆಳು ಕೂಡದು ಎಂದು ಅವುಗಳಲ್ಲೊಂದು ಗಂಭೀರವಾಗಿ ಹೇಳುತ್ತದೆ. ಮರುಗಳಿಗೆಯೇ ಯಾವ್ಯಾವ ಕೆಲಸ ‘ಮುಖ್ಯ’ ಅಲ್ಲ ಎಂಬ ಪಟ್ಟಿ: ಕಸ ಗುಡಿಸುವುದು, ಕ್ಯಾಂಟೀನು, ಹೇರುವುದು ಇಳಿಸುವುದು, ತೋಟ ನೋಡಿಕೊಳ್ಳುವುದು ಮತ್ತು ಕಾವಲು. ಬ್ಯಾಂಕಿನಲ್ಲಿ ದುಡ್ಡು ಮುಖ್ಯ, ಅದನ್ನು ಕಾಯುವವನು ಮುಖ್ಯನಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಕೂಸು ಮುಖ್ಯ, ಕೂಸು ಕಳುವಾಗದಂತೆ ಬಾಗಿಲಲ್ಲಿ ನಿಂತ ಹೆಣ್ಣುಮಗಳು ಮುಖ್ಯಳಲ್ಲ. ಯಾವ ಕೆಲಸಗಳಿಗೆ ನಮ್ಮ ಸಮಾಜ ಜಾತಿ ನೋಡಿ ಆಳು ಹಚ್ಚುತ್ತಿತ್ತೋ ಹೆಚ್ಚುಕಡಿಮೆ ಅವೇ ಈ ಪಟ್ಟಿಯಲ್ಲಿರುವುದು ಕಾಕತಾಳೀಯ ಎನ್ನುವಷ್ಟು ಮುಗ್ಧ ನಾನಲ್ಲ.

ಅಲ್ಲಿಗೇ ಬರೋಣ. ನಮ್ಮ ಹಳ್ಳಿಗಳಲ್ಲಿ ತೋಟಿ, ತಳವಾರ, ನೀರಗಂಟಿ ಎಂಬ ಆಯಗಾರರಿದ್ದರು. ಊರ ಎಲ್ಲೆ ಕಾಯುವುದು, ಬೆಳೆ ಕಾಯುವುದು, ಕಂದಾಯದ ಹಣವನ್ನು ತಾಲೂಕಿಗೆ ಮುಟ್ಟಿಸುವುದು, ಸತ್ತ ಸುದ್ದಿ ಹೊತ್ತು ಹಳ್ಳಿ ಹಳ್ಳಿಗೆ ಓಡುವುದು, ಬಂದ ಅಧಿಕಾರಿಯ ಕುದುರೆಗೆ ಹುಲ್ಲು ಹಾಕುವುದು. ಊರನ್ನು ಕಾಯುವವನ ಮನೆ ಮಾತ್ರ ಊರ ಹೊರಗೆ. ಕೂಲಿ? ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ಉಳಿದ ಕಾಳು, ಮನೆ ಮನೆಯ ಹಿತ್ತಿಲಲ್ಲಿ ಬೇಡಿದ ಹಳಸಲು ರೊಟ್ಟಿ. 1928ರಲ್ಲಿ ಅಂಬೇಡ್ಕರ್ ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಹಾರ್ ವತನ್, ಅಂದರೆ ಮಹಾರರ ವಂಶಪಾರಂಪರ್ಯ ಊರ ಚಾಕರಿಯ ವಿರುದ್ಧ ಮಸೂದೆ ತಂದರು. ಇಂದಿನ ಬೆಳಗಾವಿ, ಧಾರವಾಡ, ವಿಜಯಪುರ ಆಗ ಅದೇ ಪ್ರಾಂತದಲ್ಲಿದ್ದವು. ಅವರ ವಾದದ ಮೊನೆ ಇದು: ಈ ಮನುಷ್ಯ ಸರ್ಕಾರದ ಚಾಕರಿ ಮಾಡುತ್ತಾನೆ, ಆದರೆ ಸರ್ಕಾರ ಅವನಿಗೆ ಹೊಟ್ಟೆಗಾಗುವಷ್ಟು ಕೊಡದೆ ಊರಿನವರ ಕಡೆ ಕೈ ತೋರಿಸುತ್ತದೆ. ಊರಿನವರು ತಮ್ಮ ಮರ್ಜಿ ಬಂದಂತೆ ಕೊಡುತ್ತಾರೆ. ದಿನದ ಇಪ್ಪತ್ತನಾಲ್ಕು ತಾಸೂ ಕರೆದಾಗ ಬರಬೇಕು. ಅವನಿಲ್ಲದಿದ್ದರೆ ಮನೆಯವರಾದರೂ ಬರಬೇಕು. ದುಡಿಸಿಕೊಳ್ಳುವಾಗ ಇಬ್ಬರು ಧಣಿಗಳು, ಕೂಲಿ ಕೇಳಿದಾಗ ಒಬ್ಬನೂ ಇಲ್ಲ.

ಮೈಸೂರು ರಾಜ್ಯ 1961ರಲ್ಲಿ ಗ್ರಾಮಾಧಿಕಾರ ರದ್ದತಿ ಕಾಯ್ದೆ ತಂದು ವಂಶಪಾರಂಪರ್ಯ ಚಾಕರಿಯನ್ನು ಕೊನೆಗಾಣಿಸಿತು. ಕಾಗದದ ಮೇಲೆ. ತೋಟಿಯ ಮೊಮ್ಮಗ ಕಲಬುರಗಿಯಿಂದಲೋ ರಾಯಚೂರಿನಿಂದಲೋ ರೈಲು ಹತ್ತಿ ಬಂದು ವೈಟ್‌ಫೀಲ್ಡಿನ ಗೇಟಿನಲ್ಲಿ ಟೈ ಕಟ್ಟಿಕೊಂಡು ನಿಂತರೆ, ಕೈಯಲ್ಲಿದ್ದ ಕೋಲು ಹೋಗಿ ಮೊಬೈಲ್ ಆ್ಯಪ್ ಬಂದಿದೆ ಎಂಬುದನ್ನು ಬಿಟ್ಟರೆ ಏನು ಬದಲಾಯಿತು? ಒಳಗಿನ ಲಿಫ್ಟಿಗೆ ಅವನಿಗೆ ಅನುಮತಿಯಿಲ್ಲ, ಶೌಚಾಲಯ ನೆಲಮಾಳಿಗೆಯ ಮೂಲೆಯಲ್ಲಿ, ಹಬ್ಬದ ಮರುದಿನ ಯಾರೋ ಒಂದು ಡಬ್ಬದಲ್ಲಿ ಉಳಿದ ಪಾಯಸ ಕಳಿಸುತ್ತಾರೆ. ಕೊಟ್ಟವರಿಗೆ ಪುಣ್ಯದ ತೃಪ್ತಿ.

ಕಾನೂನೇ ಇಲ್ಲವೆಂದಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಇದೆ, ಅದರಡಿ ಕರ್ನಾಟಕ 2008ರಲ್ಲಿ ಮಾಡಿಕೊಂಡ ನಿಯಮಗಳಿವೆ. ಕೇಂದ್ರದ ಮಾದರಿ ನಿಯಮ ಓದಿದರೆ ಯಾವುದೋ ವೀರಯೋಧನ ನೇಮಕಾತಿ ಅನ್ನಿಸುತ್ತದೆ. ಗಂಡಸಿನ ಎತ್ತರ 160 ಸೆಂಟಿಮೀಟರ್, ಎದೆ 80, ಉಸಿರೆಳೆದರೆ ಇನ್ನೂ ನಾಲ್ಕು ಹಿಗ್ಗಬೇಕು. ಒಂದು ಕಿಲೋಮೀಟರನ್ನು ಆರು ನಿಮಿಷದಲ್ಲಿ ಓಡಬೇಕು. ನೂರು ತಾಸು ತರಗತಿ, ಅರವತ್ತು ತಾಸು ಮೈದಾನದ ತರಬೇತಿ, ಕನಿಷ್ಠ ಇಪ್ಪತ್ತು ಕೆಲಸದ ದಿನಗಳಲ್ಲಿ. ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ಜನಸಂದಣಿ ನಿಯಂತ್ರಣ, ಕಚ್ಚಾ ಬಾಂಬ್ ಗುರುತಿಸುವುದು, ಎಫ್‌ಐಆರ್ ದಾಖಲಿಸುವ ಕ್ರಮ, ಪೊಲೀಸ್ ಮತ್ತು ಸೇನೆಯ ಹುದ್ದೆಗಳನ್ನು ಬಿಲ್ಲೆಯಿಂದ ಗುರುತಿಸುವುದು. ಇಷ್ಟು ಕಲಿತ ಮನುಷ್ಯ ಪಟ್ಟಣದ ಆಸ್ತಿ. ಆದರೆ ನಿನ್ನೆ ಸಂಜೆ ರೈಲಿಳಿದವನು ಇಂದು ಬೆಳಗ್ಗೆ ಬೇರೊಬ್ಬನ ಅಳತೆಯ ಅಂಗಿ ತೊಟ್ಟು ಪಾಯಿಂಟಿನಲ್ಲಿ ನಿಂತಿರುತ್ತಾನೆ. ಆ ಅಂಗಿಯೇ ಅವನ ತರಬೇತಿ. ಕಾಯ್ದೆ 65 ವರ್ಷ ದಾಟಿದವರನ್ನು ನೇಮಿಸಬಾರದೆನ್ನುತ್ತದೆ. ಎಪ್ಪತ್ತರ ಅಜ್ಜ ಎಟಿಎಂ ಮುಂದೆ ಮಂಕಿ ಕ್ಯಾಪ್ ಹಾಕಿ ಕೂತದ್ದನ್ನು ನೋಡದವರು ಈ ಊರಲ್ಲಿ ಯಾರಿದ್ದಾರೆ? ಆ ಅಜ್ಜ ಅಲ್ಲಿರುವುದು ನಿಯಮ ಮುರಿಯುವ ಹುಮ್ಮಸ್ಸಿಗಲ್ಲ. ದುಡಿದ ಕಾಲದ ಪಿಎಫ್ ಪಿಂಚಣಿ ತಿಂಗಳಿಗೆ ಸಾವಿರದಷ್ಟು ಬಂದರೆ ಮಾತ್ರೆಗೆ ಸಾಲುತ್ತದೆ, ಅನ್ನಕ್ಕಲ್ಲ.

2005ರ ಆ ಕಾಯ್ದೆಯ ಕೊನೆಯಲ್ಲಿರುವ ಅನುಸೂಚಿಯಲ್ಲಿ ಕನಿಷ್ಠ ವೇತನ, ಭವಿಷ್ಯ ನಿಧಿ, ಬೋನಸ್, ಗ್ರಾಚ್ಯುಟಿ ಕಾಯ್ದೆಗಳ ಹೆಸರುಗಳೆಲ್ಲ ಸಾಲಾಗಿವೆ. ಏಜೆನ್ಸಿ ಇವನ್ನೆಲ್ಲ ಪಾಲಿಸಬೇಕಂತೆ. ಗ್ರಾಚ್ಯುಟಿಯ ಗತಿ ಕೇಳಿ. ಐದು ವರ್ಷ ಒಬ್ಬನ ಕೈಕೆಳಗೆ ದುಡಿದರೆ ಸಿಗುವ ಹಣ ಅದು. ಒಂದೇ ಆಸ್ಪತ್ರೆಯ ಗೇಟಿನಲ್ಲಿ ಹನ್ನೆರಡು ವರ್ಷ ನಿಂತ ಗಾರ್ಡುಗಳಿದ್ದಾರೆ, ಆದರೆ ಎರಡು ಮೂರು ವರ್ಷಕ್ಕೊಮ್ಮೆ ಟೆಂಡರ್ ಬದಲಾಗುತ್ತದೆ, ಏಜೆನ್ಸಿ ಬದಲಾಗುತ್ತದೆ. ಗೇಟು ಅದೇ, ಮನುಷ್ಯ ಅವನೇ, ತೋಳಿನ ಬಿಲ್ಲೆ ಮಾತ್ರ ಹೊಸದು. ಕಾಗದದಲ್ಲಿ ಅವನು ಮತ್ತೆ ನಿನ್ನೆ ಸೇರಿದವನು.

ಟೆಂಡರ್ ಎಂದೆನಲ್ಲ, ಅದರ ಒಳಗುಟ್ಟನ್ನೂ ಹೇಳಿಬಿಡುತ್ತೇನೆ. ಸರ್ಕಾರಿ ಕಚೇರಿಗಳು, ವಿಶ್ವವಿದ್ಯಾಲಯಗಳು, ನಿಗಮಗಳು ಕಾವಲಿಗೆ ಟೆಂಡರ್ ಕರೆದರೆ ಅತಿ ಕಡಿಮೆ ಕೂಗಿದವನಿಗೇ ಗುತ್ತಿಗೆ. ಕೂಲಿ ನಿಗದಿಯಾಗಿರುವುದರಿಂದ ಪೈಪೋಟಿ ಏನಿದ್ದರೂ ಸೇವಾಶುಲ್ಕದಲ್ಲಿ. ಅಲ್ಲಿ ಏಜೆನ್ಸಿಗಳು ಸೊನ್ನೆ ಕೂಗಿದವು. 2014ರಲ್ಲಿ ಕೇಂದ್ರ ಹಣಕಾಸು ಇಲಾಖೆ ಸೊನ್ನೆ ಬರೆದ ಬಿಡ್‌ ಪರಿಗಣಿಸಬೇಡಿ ಎಂದು ಸುತ್ತೋಲೆ ಹೊರಡಿಸಬೇಕಾಯಿತು. ಸರಿ, ಸೊನ್ನೆಯ ಮುಂದೆ ಒಂದು ಚುಕ್ಕಿ ಇಟ್ಟು ನಾಲ್ಕಾರು ಪೈಸೆ ಬರೆಯುವುದನ್ನು ಕಲಿತರು. ಈಗ ಹೇಳಿ, ನೂರು ಗಾರ್ಡುಗಳನ್ನು ಒದಗಿಸಿ, ಫೀಲ್ಡ್ ಆಫೀಸರನ ಬೈಕಿಗೆ ಪೆಟ್ರೋಲು ಹಾಕಿಸಿ, ಆಫೀಸಿನ ಬಾಡಿಗೆ ಕಟ್ಟಿ, ಬಿಲ್ ಪಾಸು ಮಾಡುವ ಮೇಜಿಗೂ ಮುಟ್ಟಿಸಬೇಕಾದ್ದನ್ನು ಮುಟ್ಟಿಸಿ, ಪೈಸೆಯ ಲಾಭಕ್ಕೆ ಯಾರಾದರೂ ವ್ಯಾಪಾರ ಮಾಡುತ್ತಾರೆಯೇ? ಲಾಭ ಬರುವುದು ಗಾರ್ಡಿನ ಎಲುಬಿನಿಂದ. ಹತ್ತು ಜನರ ಬಿಲ್, ಎಂಟು ಜನರ ಹಾಜರಿ. ಬ್ಯಾಂಕಿಗೆ ಪೂರ್ತಿ ಸಂಬಳ ಹಾಕಿ, ಎಟಿಎಂ ಕಾರ್ಡ್ ತಾನೇ ಇಟ್ಟುಕೊಂಡು ಮೇಲಿನದ್ದನ್ನು ಹಿಂದಕ್ಕೆ ಪಡೆಯುವುದು. ಕೆಲಸಕ್ಕೆ ಸೇರಿಸಲು ಒಂದು ತಿಂಗಳ ಸಂಬಳ ಮುಂಗಡ. ಟೆಂಡರ್ ಮಂಜೂರು ಮಾಡಿದ ಅಧಿಕಾರಿಗೆ ಇದೆಲ್ಲ ಗೊತ್ತಿಲ್ಲವೆಂದರೆ ಅವನಿಗೆ ಕೂಡಿಸುವುದು ಕಳೆಯುವುದೂ ಗೊತ್ತಿಲ್ಲವೆಂದೇ ಅರ್ಥ.

ಇವರೆಲ್ಲರಿಗಿಂತ ನಯವಾಗಿ ತಿನ್ನುವುದು ಖುದ್ದು ಸರ್ಕಾರ. ಗಾರ್ಡಿನ ಬಿಲ್ಲಿನ ಮೇಲೆ ಜಿಎಸ್‌ಟಿ ಶೇಕಡಾ 18. ಏಜೆನ್ಸಿಯ ಲಾಭದ ಮೇಲಷ್ಟೇ ಅಲ್ಲ, ಕೂಲಿಯೂ ಸೇರಿದ ಪೂರ್ತಿ ಮೊತ್ತದ ಮೇಲೆ. ಇಪ್ಪತ್ತೈದು ಸಾವಿರದ ಬಿಲ್ಲಿಗೆ ನಾಲ್ಕೂವರೆ ಸಾವಿರ ತೆರಿಗೆ. ರಾತ್ರಿಯಿಡೀ ಚಳಿಯಲ್ಲಿ ನಿಂತವನ ಆರೇಳು ದಿನದ ಕೂಲಿಯಷ್ಟನ್ನು ಪ್ರತಿ ತಿಂಗಳೂ ಎತ್ತಿಕೊಂಡು, ಅವನ ಓವರ್‌ಟೈಮ್ ಲೆಕ್ಕ ನೋಡಲು ಇನ್‌ಸ್ಪೆಕ್ಟರುಗಳಿಲ್ಲ ಎನ್ನುವ ಸರ್ಕಾರ ಇದು.

2025ರ ಏಪ್ರಿಲ್‌ನಲ್ಲಿ ರಾಜ್ಯ ಕಾರ್ಮಿಕ ಇಲಾಖೆ ಕನಿಷ್ಠ ವೇತನದ ಕರಡು ಹೊರಡಿಸಿತು. ಬೆಂಗಳೂರಿನ ವಲಯದಲ್ಲಿ ಅಕುಶಲ ಕೆಲಸಕ್ಕೂ ತಿಂಗಳಿಗೆ 23,376. ಆಕಾಶದಿಂದ ಉದುರಿಸಿದ ಸಂಖ್ಯೆಯಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಕುಟುಂಬಕ್ಕೆ ಇಷ್ಟು ಕ್ಯಾಲೊರಿ, ವರ್ಷಕ್ಕೆ 72 ಗಜ ಬಟ್ಟೆ, ಇಷ್ಟು ಬಾಡಿಗೆ ಎಂದು ಇಟ್ಟ ಲೆಕ್ಕ, ಅದಕ್ಕೆ ಸುಪ್ರೀಂ ಕೋರ್ಟು 1991ರ ರೆಪ್ಟಕೋಸ್ ಬ್ರೆಟ್ ತೀರ್ಪಿನಲ್ಲಿ ಮಕ್ಕಳ ಓದು, ಔಷಧ, ಮದುವೆ, ಮುಪ್ಪಿಗೆಂದು ಸೇರಿಸಿದ ಕಾಲು ಭಾಗ. ಇಷ್ಟು ಬರೆದದ್ದಕ್ಕೇ ಉದ್ಯಮಿಗಳ ಸಂಘಗಳು ಎದೆ ಬಡಿದುಕೊಂಡವು. ತಮಾಷೆಯೊಂದಿದೆ: ಇಎಸ್‌ಐ ಆಸ್ಪತ್ರೆಯ ಸೌಲಭ್ಯಕ್ಕೆ 2017ರಲ್ಲಿ ಗೊತ್ತುಮಾಡಿದ ವೇತನ ಮಿತಿ 21,000. ಆ ಮಿತಿ ಏರಿಸದೆ ಕರಡಿನ ಕೂಲಿ ಕೊಟ್ಟರೆ ಗಾರ್ಡಿಗೆ ಎರಡು ಸಾವಿರ ಹೆಚ್ಚು ಬಂದು ಆಸ್ಪತ್ರೆ ಕೈತಪ್ಪುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿಯುವ ಈ ಚಾಕಚಕ್ಯತೆಗೆ ಯಾವ ತರಬೇತಿ ಕೇಂದ್ರವಿದೆಯೋ.

ಹೆದರಿಕೆಯಾದಾಗ ಮಾತ್ರ ನಮಗೆ ಗಾರ್ಡು ನೆನಪಾಗುತ್ತಾನೆ. 2013ರ ನವೆಂಬರ್‌ನಲ್ಲಿ ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂನಲ್ಲಿ ಹೆಣ್ಣುಮಗಳೊಬ್ಬಳ ಮೇಲೆ ಮಚ್ಚು ಬೀಸಿದ ದೃಶ್ಯ ದೇಶವೆಲ್ಲ ನೋಡಿತು. ಅಲ್ಲಿ ಗಾರ್ಡ್ ಇರಲಿಲ್ಲ. ಗಾರ್ಡಿಲ್ಲದ ಎಟಿಎಂಗಳಿಗೆ ಪೊಲೀಸರು ಬಾಗಿಲು ಹಾಕಿಸಿದರು, ಬ್ಯಾಂಕುಗಳು ರಾತ್ರೋರಾತ್ರಿ ಆಳು ಹುಡುಕಿದವು. ಹೆದರಿಕೆ ಆರಿದ ಮೇಲೆ ಕ್ಯಾಮೆರಾ ಅಗ್ಗವೆಂದು ಗೊತ್ತಾಗಿ ಅದೇ ಆಳುಗಳನ್ನು ಮನೆಗೆ ಕಳಿಸಿದರು. ಅದಕ್ಕೂ ಮುಂಚೆ, 2012ರ ಆಗಸ್ಟ್‌ನಲ್ಲಿ, ವದಂತಿಗೆ ಬೆದರಿ ಈಶಾನ್ಯದವರು ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದಾಗ ಅವರಲ್ಲಿ ಎಷ್ಟೋ ಜನ ಗಾರ್ಡುಗಳಿದ್ದರು. ನಮ್ಮನ್ನು ಕಾಯುವವರಿಗೆ ನಾವು ಕಾವಲಾಗಲಿಲ್ಲ.

ಗಾರ್ಡುಗಳ ಒರಟುತನದ ಬಗ್ಗೆ ದೂರುವವರಿಗೂ ಒಂದು ಮಾತು. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲಿನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ತಡೆದರು. ನಾಡು ಸಿಡಿದೆದ್ದಿತು, ಸರ್ಕಾರ ಏಳು ದಿನ ಮಾಲ್ ಮುಚ್ಚಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲಿ ಕೊಳೆ ಬಟ್ಟೆಯ ರೈತನನ್ನು ತಡೆದಾಗ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ಕಿತ್ತರು. ಆ ರೈತರಿಗಾದ ಅವಮಾನಕ್ಕೆ ನನ್ನ ರಕ್ತವೂ ಕುದಿಯಿತು. ಆದರೆ ಪಂಚೆ ಒಳಗೆ ಬರಬಾರದೆಂಬ ಬುದ್ಧಿ ಗೇಟಿನಲ್ಲಿ ನಿಂತವನ ತಲೆಯಲ್ಲಿ ಹುಟ್ಟಿದ್ದೇ? ಅವನ ಅಪ್ಪನೂ ಪಂಚೆಯವನೇ. ಯಾರನ್ನು ಒಳಬಿಡಬೇಕು, ಯಾರನ್ನು ಬಿಡಬಾರದು ಎಂಬ ಹೊಲಸು ಕೆಲಸವನ್ನು ಮೇಲಿನವರು ಇವನ ಕೈಯಲ್ಲಿ ಮಾಡಿಸುತ್ತಾರೆ. ಸಿಕ್ಕಿಬಿದ್ದ ದಿನ ಇವನ ಅಂಗಿ ಬಿಚ್ಚಿಸಿ ಕಳಿಸುತ್ತಾರೆ. ಆ ದಿನವೂ ಧಣಿ ಕಾಣುವುದಿಲ್ಲ.

ದಾರಿಯಿಲ್ಲವೇ? ಪಕ್ಕದ ರಾಜ್ಯದಲ್ಲಿ ನಾಲ್ಕು ದಶಕಗಳಿಂದ ಇದೆ. ಮಹಾರಾಷ್ಟ್ರ 1981ರಲ್ಲಿ ಖಾಸಗಿ ಭದ್ರತಾ ಕಾವಲುಗಾರರ ಕಾಯ್ದೆ ಮಾಡಿ ಮಂಡಳಿಗಳನ್ನು ಕಟ್ಟಿತು. ಮಾಥಾಡಿ ಹಮಾಲರು ಹೋರಾಡಿ 1969ರಲ್ಲಿ ಪಡೆದ ಕಾನೂನಿನ ಜಾಡು ಅದು. ಗಾರ್ಡ್ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳುತ್ತಾನೆ, ಮಾಲೀಕ ಕೂಲಿಯ ಜೊತೆ ಸೆಸ್ಸನ್ನೂ ಮಂಡಳಿಗೆ ಕಟ್ಟುತ್ತಾನೆ, ಮಂಡಳಿ ಗಾರ್ಡಿಗೆ ಸಂಬಳ ಕೊಡುತ್ತದೆ. ಪಿಎಫ್, ಬೋನಸ್, ಗ್ರಾಚ್ಯುಟಿ, ರಜೆ ಸೆಸ್ಸಿನಿಂದ. ಮಾಲೀಕ ಬದಲಾದರೂ ಗಾರ್ಡಿನ ಸೇವೆ ಕಡಿಯುವುದಿಲ್ಲ. ಅಲ್ಲೂ ವಿನಾಯಿತಿ ಪಡೆದು ನುಣುಚಿಕೊಂಡ ಏಜೆನ್ಸಿಗಳಿವೆ, ಸ್ವರ್ಗವೇನಲ್ಲ. ಆದರೆ ಹಣ ಹೋಗುವ ದಾರಿ ಕಾಣುತ್ತದೆ. ನಮ್ಮಲ್ಲೇ ನೋಡಿ, ಬೆಂಗಳೂರಿನ ಪೌರಕಾರ್ಮಿಕರು ವರ್ಷಗಟ್ಟಲೆ ಬೀದಿಯಲ್ಲಿ ಕೂತು ಗುತ್ತಿಗೆದಾರನನ್ನು ನಡುವಿನಿಂದ ಕಿತ್ತೊಗೆದರು. 2025ರ ಮೇ ದಿನದಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಕಾಯಂ ನೇಮಕದ ಪತ್ರ ಪಡೆದರು. ಅವರು ಹಾಜರಿ ಹಾಕಲು ಒಂದೇ ಮಸ್ಟರಿಂಗ್ ಕೇಂದ್ರದಲ್ಲಿ ಬೆಳಗ್ಗೆ ಸೇರುತ್ತಿದ್ದರು, ಮಾತಾಡಿಕೊಳ್ಳುತ್ತಿದ್ದರು. ಗಾರ್ಡುಗಳನ್ನು ಗೇಟಿಗೊಬ್ಬನಂತೆ ಚದುರಿಸಿದ್ದಾರೆ, ಬಾಯಿ ಬಿಟ್ಟವನನ್ನು ಮರುದಿನ ಊರ ಆ ತುದಿಯ ಸೈಟಿಗೆ ಎಸೆಯುತ್ತಾರೆ. ಹಾಗಾಗಿಯೇ ಮಂಡಳಿ ಬೇಕು, ಸಂಘ ಬೇಕು. ಗಾರ್ಡಿನ ಬಾಯಿಗೆ ಬೀಗ ಹಾಕಿರುವುದು ಹೊಟ್ಟೆ.

‘ಖರ್ಚು ತಡೆಯೋಕಾಗಲ್ಲ’ ಎನ್ನುತ್ತಾರೆ ಅಪಾರ್ಟ್‌ಮೆಂಟಿನವರು. ಲೆಕ್ಕ ಹಾಕೋಣ ಬನ್ನಿ. ಇನ್ನೂರು ಮನೆ, ನಾಲ್ಕು ಪಾಯಿಂಟು. ಈಗ ಹನ್ನೆರಡು ತಾಸಿನ ಎರಡು ಪಾಳಿಗೆ ಎಂಟು ಜನ. ತಲೆಗೆ 25,000 ಬಿಲ್ ಎಂದರೆ ಮನೆಗೆ ತಿಂಗಳಿಗೆ ಸಾವಿರ. ಎಂಟು ತಾಸಿನ ಮೂರು ಪಾಳಿ ಮಾಡಿ, ವಾರದ ರಜೆಗೂ ಆಳು ಸೇರಿಸಿದರೆ ಹದಿನಾಲ್ಕು ಜನ. ಕರಡಿನ ಕೂಲಿ, ಪಿಎಫ್, ಬೋನಸ್, ಏಜೆನ್ಸಿಯ ಪಾಲು, ಸರ್ಕಾರದ ಶೇಕಡಾ 18 ತೆರಿಗೆ ಎಲ್ಲ ಸೇರಿ ತಲೆಗೆ 34,000 ಹಿಡಿಯಿರಿ. ಮನೆಗೆ 2,380. ಹೆಚ್ಚುವರಿ 1,380 ರೂಪಾಯಿ. ಕೋಟಿ ಕೊಟ್ಟು ಫ್ಲ್ಯಾಟ್ ಕೊಂಡವರು ಸರ್ವಸದಸ್ಯರ ಸಭೆಯಲ್ಲಿ ಈ ಸಂಖ್ಯೆಗೆ ಆಗದು ಎನ್ನಲಿ, ಅಡ್ಡಿಯಿಲ್ಲ. ಆದರೆ ಎನ್ನುವಾಗ ಗಾರ್ಡುಗಳನ್ನೂ ಸಭೆಗೆ ಕರೆದು, ಕುರ್ಚಿ ಕೊಟ್ಟು, ಅವರೆದುರಿಗೇ ಎನ್ನಲಿ. ಕೈ ಎತ್ತಿದವರ ಹೆಸರು ಮತ್ತು ಫ್ಲ್ಯಾಟ್ ನಂಬರನ್ನು ನಡಾವಳಿ ಪುಸ್ತಕದಲ್ಲಿ ಬರೆಯಲಿ, ಅದರ ಒಂದು ಪ್ರತಿಯನ್ನು ಗೇಟಿಗೆ ಅಂಟಿಸಲಿ.